ಓದಿ ಹೇಳುವವರು ಬೇಕು

ರಸ್ತೆಯ ಗುಂಡಿ, ಕಸದ ವಿಲೇವಾರಿ, ಕೆರೆಯ ಒತ್ತುವರಿ, ವಾರ್ಡ್ ಸಭೆಯ ನಡಾವಳಿ ಇವು ದೊಡ್ಡ ಪತ್ರಿಕೆಗಳ ಮುಖಪುಟಕ್ಕೇರುವ ಸಂಗತಿಗಳಲ್ಲ. ಆದರೆ ಜನರ ದಿನನಿತ್ಯದ ಬದುಕು ಹಸನಾಗುವುದೂ ಹದಗೆಡುವುದೂ ಇವುಗಳಿಂದಲೇ. ಈ ಸರಳ ಸತ್ಯವನ್ನು ಆಧರಿಸಿ, ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದು ಪತ್ರಿಕೋದ್ಯಮಕ್ಕೆ ಬಂದ ಸುಬ್ರಮಣ್ಯಂ ವಿನ್ಸೆಂಟ್ ಅವರು ಮೀರಾ ಕೆ. ಅವರೊಡಗೂಡಿ 2008ರಲ್ಲಿ ಬೆಂಗಳೂರಿನಲ್ಲಿ ‘ಸಿಟಿಜನ್ ಮ್ಯಾಟರ್ಸ್’ ಎಂಬ ಸ್ವತಂತ್ರ ಪತ್ರಿಕೆಯನ್ನು ಆರಂಭಿಸಿದರು. ಮೊದಲ ವರ್ಷಗಳಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಮುಂತಾದ ದಕ್ಷಿಣ ಬೆಂಗಳೂರಿನ ಬಡಾವಣೆಗಳಿಗಾಗಿಯೇ ಅದರ ಮುದ್ರಿತ ಆವೃತ್ತಿಯೂ ಹೊರಬರುತ್ತಿತ್ತು. ವೃತ್ತಿಪರ ವರದಿಗಾರರ ಜೊತೆಗೆ ಬಡಾವಣೆಯ ನಿವಾಸಿಗಳೂ ಅದಕ್ಕೆ ಬರೆದರು.

ಎಂಜಿನಿಯರ್ ಒಬ್ಬ ಪತ್ರಕರ್ತನಾದರೆ ಊರಿಗೆ ಸಿಗುವುದೇನು? ನಕ್ಷೆಯನ್ನು ಓದಬಲ್ಲ ಕಣ್ಣು, ಅಂದಾಜುಪಟ್ಟಿಯ ಅಂಕಿಗಳಿಗೆ ಅಂಜದ ಮನಸ್ಸು, ಯೋಜನಾ ವರದಿಯ ನೂರಾರು ಪುಟಗಳನ್ನು ಮುಗಿಸುವ ತಾಳ್ಮೆ. ರಸ್ತೆ ಕಿತ್ತುಹೋಗಿದೆ ಎಂದು ದೂರುವುದು ಸುಲಭ. ಗುತ್ತಿಗೆಯಲ್ಲಿ ನಮೂದಾಗಿದ್ದ ಡಾಂಬರಿನ ದಪ್ಪವೆಷ್ಟು, ನಿರ್ವಹಣೆಯ ಹೊಣೆ ಎಷ್ಟು ವರ್ಷದ್ದು ಎಂದು ಕೇಳುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಭರವಸೆ ದೊರೆಯುತ್ತದೆ. ಎರಡನೆಯದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಬರೆಯುವುದರ ಜೊತೆಗೆ ಕೈಹಚ್ಚಿ ಮಾಡುವ ಕೆಲಸವೂ ಇದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಿಕೊಳ್ಳಲು ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ರಚಿಸಿದರು. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಒಪ್ಪಂದದ ಮೂಲಕ ಕೆರೆಯ ನಿರ್ವಹಣೆಯನ್ನು ಅವರಿಗೆ ವಹಿಸಿತು. ಸುಮಾರು 13 ಎಕರೆಯ ಆ ಪುಟ್ಟ ಕೆರೆ ಮತ್ತೆ ಹಕ್ಕಿಗಳ ನೆಲೆಯಾಗಿದ್ದು ಒಂದು ದಿನದ ಶ್ರಮದಾನದಿಂದಲ್ಲ. ಒಳಹರಿವು, ಕಳೆ, ಕೊಳಚೆಗಳನ್ನು ವರ್ಷಾನುಗಟ್ಟಲೆ ಗಮನಿಸಿದ ನಿವಾಸಿಗಳಿಂದ.

ಜಯನಗರದ ಸಂಗತಿ ಮಲೆನಾಡಿಗೇಕೆ ಎಂದು ಕೇಳಬಹುದು. ದಕ್ಷಿಣ ಬೆಂಗಳೂರಿನ ನಲ್ಲಿಗಳಲ್ಲಿ ಹರಿಯುವುದು ಕೊಡಗಿನಲ್ಲಿ ಹುಟ್ಟಿದ ಕಾವೇರಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತದ ಯೋಜನೆಯೊಂದೇ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನೂ ರಾಜಧಾನಿಗೆ ಒಯ್ಯುವ ಪ್ರಸ್ತಾವ ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆ ಪ್ರತಿರೋಧ ಅಗತ್ಯವಾಗಿತ್ತು. ಆದರೆ ಬಂದ್ ಒಂದು ದಿನದ್ದು, ಕಡತ ವರ್ಷಗಳದ್ದು. ಕಡತದ ಹಿಂದೆ ನಡೆಯಬಲ್ಲವರು ಊರಿನಲ್ಲಿರಬೇಕು.

ಅಂಥವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮಘಟ್ಟದ ಅನುಭವವೇ ಸಾಕ್ಷಿ. ಮಾಧವ ಗಾಡ್ಗೀಳ್ ಸಮಿತಿಯ ವರದಿ ಸಲ್ಲಿಕೆಯಾದದ್ದು 2011ರ ಆಗಸ್ಟ್‌ನಲ್ಲಿ. ಸಾರ್ವಜನಿಕರಿಗೆ ದೊರೆತದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನ ಹೋರಾಟ ನ್ಯಾಯಾಲಯದವರೆಗೆ ಹೋದ ಬಳಿಕ. ವರದಿ ಇಂಗ್ಲಿಷಿನಲ್ಲಿತ್ತು, ವದಂತಿ ಕನ್ನಡದಲ್ಲಿತ್ತು. ಪರಿಸರ ಸೂಕ್ಷ್ಮ ವಲಯವನ್ನು ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಅಂತಿಮಗೊಳಿಸಬೇಕೆಂಬ ಅದರ ಆಶಯ ಹಳ್ಳಿಗೆ ತಲುಪುವ ಮುನ್ನವೇ ಭೂಮಿ ಹೋಗುತ್ತದೆ ಎಂಬ ಭಯ ತಲುಪಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಆದರೆ ಅಣೆಕಟ್ಟೆಯ ಮಟ್ಟ, ಸುರಂಗದ ಮಾರ್ಗ, ಕಡಿಯುವ ಮರಗಳ ಲೆಕ್ಕ ವಿವರವಾಗಿ ಸಿಗುವುದು ಪೂರ್ಣ ವರದಿಯಲ್ಲಿ. ಆ 30 ದಿನಗಳಲ್ಲಿ ಅದನ್ನು ಓದಿ, ಕನ್ನಡದಲ್ಲಿ ಹೇಳಬಲ್ಲವರು ತಾಲ್ಲೂಕಿಗೆ ಎಷ್ಟು ಮಂದಿ ಇದ್ದಾರೆ?

ಹಳ್ಳಿಯಲ್ಲಿ ಈ ಕೆಲಸ ನಗರಕ್ಕಿಂತ ಕಠಿಣವೆಂಬುದು ನಿಜ. ಬಡಾವಣೆಯಲ್ಲಿ ಗುತ್ತಿಗೆದಾರ ಅಪರಿಚಿತ. ಹಳ್ಳಿಯಲ್ಲಿ ಆತ ನೆಂಟನೋ, ಪಕ್ಕದ ತೋಟದವನೋ ಆಗಿರುತ್ತಾನೆ. ಆದ್ದರಿಂದಲೇ ವ್ಯಕ್ತಿಯನ್ನಲ್ಲ, ದಾಖಲೆಯನ್ನು ಮುಂದಿಡುವ ಶಿಸ್ತು ಇಲ್ಲಿ ಹೆಚ್ಚು ಅವಶ್ಯ. ಒಬ್ಬರೇ ಬರೆದು ಗುರಿಯಾಗುವ ಬದಲು ನಾಲ್ಕಾರು ಜನ ಸೇರಿ ಪರಿಶೀಲಿಸಿ ಬರೆಯುವುದು ಕ್ಷೇಮ. ಅಂಕಿಅಂಶಗಳೇ ಸರ್ವಸ್ವವೆಂಬ ಭ್ರಮೆಯೂ ಸಲ್ಲದು. ಮಣ್ಣಿನ ಪರೀಕ್ಷೆಯ ವರದಿ ಎಷ್ಟೇ ನಿಖರವಾಗಿದ್ದರೂ ತೋಟದಲ್ಲಿ ನಡೆದಾಡಿದ ರೈತನ ಮಾತನ್ನು ಕೇಳದೆ ಶಿಫಾರಸು ಪೂರ್ಣವಾಗದು. ಉಪಗ್ರಹ ನಕ್ಷೆಯಲ್ಲಿ ಕಾಡಾಗಿ ಕಾಣುವುದು ನೆಲದಲ್ಲಿ ಕಾಫಿಯೋ ಅಡಿಕೆಯೋ ಆಗಿರಬಹುದು.

ಸ್ವಯಂಸೇವಕ ಪತ್ರಕರ್ತರು ಚುನಾಯಿತ ಸಂಸ್ಥೆಗೆ ಬದಲಿಯೂ ಅಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ನಂತರ, 2025ರಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಹಳ್ಳಿಗಳಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಪ್ರತಿ ಮತದಾರನೂ ಸದಸ್ಯನಾಗಿರುವ ಗ್ರಾಮಸಭೆ ಅಲ್ಲಿದೆ. ಅದು ಕೋರಂ ಇಲ್ಲದೆ ಮುಂದೂಡಲ್ಪಟ್ಟರೆ, ಅಥವಾ ಸಹಿಗಳಲ್ಲಷ್ಟೇ ನಡೆದರೆ, ಅದೂ ಒಂದು ಸುದ್ದಿಯೇ.

ಮಲೆನಾಡಿನ ಮನೆಮನೆಯ ಮಕ್ಕಳು ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದ್ದಾರೆ. ಕೆಲವರು ಹಿಂದಿರುಗಿಯೂ ಇದ್ದಾರೆ. ಅವರ ವಿದ್ಯೆ ಊರಿಗೆ ಸಲ್ಲಬೇಕಾದರೆ ಅವರು ಕೆಲಸ ಬಿಡಬೇಕಿಲ್ಲ. ತಿಂಗಳಿಗೊಂದು ದಾಖಲೆಯನ್ನು ಓದಿ ತಿಳಿಗನ್ನಡದಲ್ಲಿ ಎರಡು ಪುಟ ಬರೆದರೆ ಸಾಕು. ಊರಿನಲ್ಲಿರುವ ವಿದ್ಯಾರ್ಥಿಗಳು 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ, ಮುಂದಿನ ಗ್ರಾಮಸಭೆಯ ನಡಾವಳಿಯನ್ನು ಬರೆದಿಟ್ಟುಕೊಳ್ಳಲಿ. ಪಂಚಾಯತಿಯ ಸೂಚನಾ ಫಲಕದ ಪಕ್ಕದಲ್ಲಿ ಆ ಎರಡು ಪುಟ ಅಂಟಿಸಿದ ದಿನ ಮಲೆನಾಡಿನ ಸ್ವತಂತ್ರ ಪತ್ರಿಕೆ ಹುಟ್ಟುತ್ತದೆ.