ಹಳೆಯ ದುರ್ಬೀನನ್ನು ಕೊಳ್ಳುವ ಮುನ್ನ

ಮುನಿರಾಬಾದಿನ ಬಳಿ ತುಂಗಭದ್ರೆಯ ಹಿನ್ನೀರಿಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ಮಕ್ಕಳಿಗೆ ತೋರಿಸಲು ಹಳೆಯ ದುರ್ಬೀನೊಂದು ಸಾಕು. ಆದರೆ ಹಣ ಕೊಡುವ ಮೊದಲು ಅದನ್ನು ಪರೀಕ್ಷಿಸತಕ್ಕದ್ದು. ಮೇಲೆ 8×30 ಎಂದಿದ್ದರೆ, ವಸ್ತುವು 8 ಪಟ್ಟು ಹತ್ತಿರವಾಗಿ ತೋರುವುದೆಂದೂ ಮುಂದಿನ ಮಸೂರದ ವ್ಯಾಸ 30 ಮಿಲಿಮೀಟರೆಂದೂ ಅರ್ಥ. ಬೆಳಕಿಗೆ ಹಿಡಿದಾಗ ಒಳಗೆ ಜೇಡರ ಬಲೆಯಂತಹ ಎಳೆಗಳು ಕಂಡರೆ, ತೇವದಿಂದ ಬೂಷ್ಟು ಹಿಡಿದಿದೆಯೆಂದು ತಿಳಿಯಿರಿ. ಬಳಿಕ ಕೊಪ್ಪಳದ ಕೋಟೆಯ ಬುರುಜಿನಂತಹ ದೂರದ ವಸ್ತುವೊಂದನ್ನು ಎರಡು ಕಣ್ಣುಗಳಿಂದಲೂ ನೋಡಿರಿ. ಒಂದು ಎರಡಾಗಿ ಕಂಡರೆ ಒಳಗಿನ ಗಾಜಿನ ಪಟ್ಟಕಗಳು ಸ್ಥಾನ ತಪ್ಪಿರಬಹುದು. ಅಂತಹುದರಿಂದ ಕಣ್ಣಿಗೆ ಆಯಾಸವೂ ತಲೆನೋವೂ ಉಂಟಾಗುವುದರಿಂದ, ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಮಕ್ಕಳು ಅದನ್ನು ಸೂರ್ಯನತ್ತ ತಿರುಗಿಸದಂತೆ ಹಿರಿಯರು ಜೊತೆಯಲ್ಲಿಯೇ ಇರಬೇಕು. ಕ್ಷಣಮಾತ್ರದ ನೋಟದಿಂದಲೂ ದೃಷ್ಟಿ ಶಾಶ್ವತವಾಗಿ ಕೆಟ್ಟೀತು.