ನಮ್ಮ ‘ಇಂದ’ವೂ ಇಂಗ್ಲಿಷಿನ ಕಾರಣಗಳೂ

ಜ್ವರದಿಂದ ಸತ್ತನು, ಚಳಿಯಿಂದ ನಡುಗಿದನು, ಮಳೆಯಿಂದ ಆಟ ನಿಂತಿತು: ಕಾರಣಕ್ಕೆ ಕನ್ನಡದಲ್ಲಿ ‘ಇಂದ’ ಒಂದೇ ಸಾಕು. ಇಂಗ್ಲಿಷಿನಲ್ಲಾದರೋ ಜ್ವರಕ್ಕೆ ‘ಆಫ್’, ಚಳಿಗೆ ‘ವಿತ್’, ಮಳೆಗೆ ‘ಓಯಿಂಗ್ ಟು’. ಇವನ್ನು ಪಟ್ಟಿಮಾಡಿ ಉರುಹೊಡೆಸುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ, ಅಧ್ಯಾಪಕರು ಮನ್ನಿಸಬೇಕು. ಕಾರಣದ ಬಗೆಯನ್ನು ಮೊದಲು ಕನ್ನಡದಲ್ಲಿಯೇ ವಿಚಾರಿಸಬೇಕು. ಭಯದಿಂದ ನಡುಗಿದರೆ ‘ವಿತ್’, ಭಯದಿಂದ ಸುಳ್ಳಾಡಿದರೆ ‘ಔಟ್ ಆಫ್’. ಅದು ಮೈಯ ಕೆಲಸ, ಇದು ಮನಸ್ಸಿನದು. ಈ ಭೇದವನ್ನು ತಿಳಿಸಿದವರಿಗಿಂತ ಕೆಂಪು ಶಾಯಿಯಿಂದ ಗೀಟೆಳೆದವರೇ ಹೆಚ್ಚು.

‘ಡ್ಯೂ ಟು’ ಎಂಬುದು ‘ಮಳೆಯಿಂದಾದ ನಷ್ಟ’ಕ್ಕೆ ಸಲ್ಲುತ್ತದೆ, ‘ಮಳೆಯಿಂದ ನಿಂತಿತು’ ಎಂಬಲ್ಲಿ ಸಲ್ಲದು ಎಂಬುದು ಹಳೆಯ ನಿಯಮ. ಫೌಲರ್ ಮಹಾಶಯರು 1926ರಲ್ಲಿ ಇದಕ್ಕಾಗಿಯೇ ಆಕ್ಷೇಪವೆತ್ತಿದ್ದರು. ಇಂದು ಇಂಗ್ಲಿಷರೇ ಎರಡು ಕಡೆಯೂ ಧಾರಾಳವಾಗಿ ಬಳಸುತ್ತಾರೆ. ಅವರೇ ಬಿಟ್ಟ ನಿಯಮಕ್ಕೆ ನಮ್ಮ ಹಳ್ಳಿಯ ಹುಡುಗರ ಅಂಕಗಳನ್ನು ಕಳೆಯುವುದು ಯಾವ ನ್ಯಾಯ?