ಹೊಗೆಯಿಲ್ಲದ ಅಗ್ಗಿಷ್ಟಿಕೆ

ಅಹಮದಾಬಾದಿನ ಹೊಸ ಬಡಾವಣೆಗಳ ದಿವಾನಖಾನೆಗಳಲ್ಲಿ ಈಚೆಗೆ ಒಂದು ಹೊಸ ಅಲಂಕಾರ ಕಾಣಿಸಿಕೊಳ್ಳುತ್ತಿದೆ. ಗಾಜಿನ ತಡಿಕೆಗಳ ನಡುವೆ ಉಕ್ಕಿನ ತೊಟ್ಟಿ, ಅದರೊಳಗೆ ಜೈವಿಕ ಎಥೆನಾಲು, ಮೇಲೆ ನಸುನೀಲಿ ಜ್ವಾಲೆ. ಹೊಗೆಯಿಲ್ಲ, ಬೂದಿಯಿಲ್ಲ, ಚಿಮಣಿಯೂ ಬೇಡವೆಂದು ಮಾರುವವರ ಹೇಳಿಕೆ. ಇದನ್ನು ಕೊಳ್ಳಬಹುದೇ ಎಂದು ವಡೋದರಾದ ವಾಚಕರೊಬ್ಬರು ಕೇಳಿದ್ದಾರೆ.

ಮಾರುವವರ ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಒಂದು ಲೀಟರು ಎಥೆನಾಲು ಉರಿದರೆ ಸುಮಾರು ಒಂದೂವರೆ ಕಿಲೋ ಇಂಗಾಲಾಮ್ಲವೂ ಒಂದು ಕಿಲೋಗಿಂತ ತುಸು ಕಡಮೆ ನೀರಾವಿಯೂ ಹುಟ್ಟಿ ಕೋಣೆಯಲ್ಲಿಯೇ ಸೇರಿಕೊಳ್ಳುತ್ತವೆ. ಅದಕ್ಕೆ ಬೇಕಾದ ಆಮ್ಲಜನಕವನ್ನು ಮನೆಯವರು ಉಸಿರಾಡುವ ಗಾಳಿಯೇ ಒದಗಿಸಬೇಕು. ಕಿಟಕಿ ತೆರೆದರೆ ಬಿಸಿ ಹೊರಗೆ ಹೋಗುತ್ತದೆ; ಮುಚ್ಚಿದರೆ ತಲೆ ಭಾರವಾಗುತ್ತದೆ.

ಗಲ್ಲಾಪೆಟ್ಟಿಗೆಯ ಮುಂದೆ ವರುಷಗಟ್ಟಲೆ ಕುಳಿತವನಿಗೆ ಲೆಕ್ಕ ಬಿಡದು. ಒಂದು ಲೀಟರಿನ ಶಾಖ ಸುಮಾರು 6 ಯೂನಿಟ್ ವಿದ್ಯುತ್ತಿಗೆ ಸಮ. ಪೆಟ್ರೋಲಿಗೆ ಬೆರೆಸುವ ಕಬ್ಬಿನ ರಸದ ಎಥೆನಾಲಿಗೆ ಕೇಂದ್ರ ಸರಕಾರವು 2022-23ರ ಸಾಲಿನಲ್ಲಿ ಗೊತ್ತುಪಡಿಸಿದ ಬೆಲೆ ಲೀಟರಿಗೆ 65 ರೂಪಾಯಿ 61 ಪೈಸೆ. ಆ ಸಗಟು ದರದಲ್ಲಿ ದೊರೆತರೂ ಯೂನಿಟ್ಟಿಗೆ 11 ರೂಪಾಯಿ ಬೀಳುತ್ತದೆ. ಸೀಸೆಗಳಲ್ಲಿ ಮಾರುವ ಬೆಲೆಯಾದರೋ ಅದರ ಹಲವು ಪಟ್ಟು. ಜನವರಿಯ ರಾತ್ರಿ ಅಹಮದಾಬಾದಿನ ಉಷ್ಣತೆ ಸರಾಸರಿ 12 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ; ಸೂರತ್ತಿನಲ್ಲಿ ಅಷ್ಟು ಚಳಿಯೂ ಇಲ್ಲ. ಕಂಬಳಿ ಸಾಕು.

ಆದರೆ ದುಡ್ಡು ಹೋದರೆ ಹೋಗಲಿ. ನಿಜವಾದ ಅಪಾಯವಿರುವುದು ತೊಟ್ಟಿಗೆ ಮತ್ತೆ ಇಂಧನ ತುಂಬುವ ಗಳಿಗೆಯಲ್ಲಿ. ಎಥೆನಾಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಆರಿತೆಂದು ಬಗೆದು ಸೀಸೆ ಬಗ್ಗಿಸುತ್ತೇವೆ. ಗಾಳಿಯಲ್ಲಿ ಇದರ ಆವಿ ನೂರಕ್ಕೆ ಮೂರೂಕಾಲರಿಂದ ಹತ್ತೊಂಬತ್ತು ಪಾಲಿನಷ್ಟಿದ್ದರೆ ಹೊತ್ತಿಕೊಳ್ಳುತ್ತದೆ. ನಮ್ಮ ಊರುಗಳ 20-25 ಡಿಗ್ರಿಯ ಕೋಣೆಯಲ್ಲಿ ಅರೆಬರಿದಾದ ಸೀಸೆಯೊಳಗಿನ ಆವಿ ಸರಿಯಾಗಿ ಈ ಮಿತಿಯೊಳಗೇ ಬೀಳುತ್ತದೆ. ಪೆಟ್ರೋಲು ಡಬ್ಬಿಯೊಳಗಿನ ಆವಿ ಸಾಮಾನ್ಯವಾಗಿ ಹೊತ್ತಲಾರದಷ್ಟು ದಟ್ಟ, ಇದು ಹಾಗಲ್ಲ. ತೊಟ್ಟಿಯ ಕಿಡಿ ಸೀಸೆಯ ಬಾಯಿಗೆ ತಾಕಿತೆಂದರೆ ಒಳಗಿನ ಆವಿ ಸಿಡಿದು, ದ್ರವವನ್ನು ಉರಿಯುವ ಧಾರೆಯಾಗಿ ಮುಂದಕ್ಕೆ ಎಸೆಯುತ್ತದೆ. ಎದುರಿಗೆ ಕುಳಿತವರೂ ಸುಟ್ಟುಕೊಳ್ಳುತ್ತಾರೆ.

ಇದು ನಾವು ಪುಸ್ತಕದಿಂದ ಮೊದಲು ಕಲಿತ ಪಾಠವಲ್ಲ. ವರುಷಗಳ ಹಿಂದೆ ನಮ್ಮ ಹೋಟೆಲಿನವರು ವಹಿಸಿಕೊಂಡಿದ್ದ ಒಂದು ಮದುವೆಯೂಟದಲ್ಲಿ, ಪಲ್ಯದ ಪಾತ್ರೆಯಡಿಯ ಸ್ಪಿರಿಟ್ ದೀಪ ಆರಿದೆಯೆಂದು ಕುಂದಾಪುರದ ಕಡೆಯ ಹುಡುಗನೊಬ್ಬನು ಸೀಸೆ ಬಗ್ಗಿಸಿದ. ಬೇಗ ತುಂಬು ಎಂದು ಕೂಗಿದವರು ನಾವೇ. ಅವನ ಬಲಗೈ ಮೊಣಕೈಯವರೆಗೆ ಬೆಂದುಹೋಯಿತು. ಆ ಕೂಗನ್ನು ಹಿಂದಕ್ಕೆ ಪಡೆಯುವ ಉಪಾಯ ನಮಗೆ ಇಂದಿಗೂ ಹೊಳೆದಿಲ್ಲ.

ಇಂಥ ನೂರಕ್ಕೂ ಮಿಕ್ಕ ಅವಘಡಗಳು ವರದಿಯಾದ ಮೇಲೆ ಆಸ್ಟ್ರೇಲಿಯದ ಸರಕಾರವು 2017ರಲ್ಲಿ ಕಡ್ಡಾಯ ನಿಯಮ ತಂದಿತು. ಅದರಂತೆ, ಎತ್ತಿ ಇಡಬಹುದಾದ ಅಗ್ಗಿಷ್ಟಿಕೆ ಕನಿಷ್ಠ 8 ಕಿಲೋ ತೂಗಬೇಕು. ಜ್ವಾಲೆ ಇಂಧನದ ಪಾತ್ರೆಯೊಳಗೆ ನುಗ್ಗದಂತೆ ತಡೆಯುವ ಏರ್ಪಾಡಿರಬೇಕು. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗವು 2024ರ ಡಿಸೆಂಬರಿನಲ್ಲಿ, ತೆರೆದ ತೊಟ್ಟಿಗೆ ಸುರಿದು ಉರಿಸುವ ಬಗೆಯವನ್ನು ಬಳಸಲೇಕೂಡದೆಂದು ಎಚ್ಚರಿಸಿತು. ನಮ್ಮಲ್ಲಿ, ಸೂರತ್ತಿನ ತಕ್ಷಶಿಲಾ ಕಟ್ಟಡದ ಬೆಂಕಿಯಲ್ಲಿ 2019ರ ಮೇ 24ರಂದು 22 ಮಂದಿ ಬಲಿಯಾದ ಬಳಿಕ ಕಟ್ಟಡಗಳ ತಪಾಸಣೆ ನಡೆಯಿತು. ಆದರೆ ದಿವಾನಖಾನೆಯ ಮೇಜಿನ ಮೇಲಿನ ತೊಟ್ಟಿಯನ್ನು ನೋಡುವ ಅಧಿಕಾರಿ ಯಾರು?

ಪಾನನಿರೋಧದ ನಾಡಾದುದರಿಂದ ಗುಜರಾತಿನಲ್ಲಿ ಇನ್ನೊಂದು ತೊಡಕುಂಟು. 1949ರ ಕಾಯ್ದೆಯ ಹತೋಟಿಯೊಳಗೆ ಡಿನೇಚರ್ಡ್ ಸ್ಪಿರಿಟ್ಟೂ ಬರುತ್ತದೆ. ಆದುದರಿಂದ ಹೆಸರು, ರಸೀದಿಗಳಿಲ್ಲದ ಕ್ಯಾನು ಕೊಳ್ಳುವುದು ತಕ್ಕುದಲ್ಲ. ಅದರಲ್ಲಿ ಮೆಥೆನಾಲು ಬೆರೆತಿದ್ದರಂತೂ ವಿಷವೇ ಸರಿ. 2022ರ ಜುಲೈಯಲ್ಲಿ ಬೋಟಾದದ ಕಡೆ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದುದು ಅದೇ ದ್ರವ.

ನಮ್ಮ ವಾಚಕರು ಇನ್ನೂ ಕೊಂಡಿಲ್ಲವಾದರೆ ಕೊಳ್ಳದಿರುವುದೇ ಲೇಸು. ಈಗಾಗಲೇ ಕೊಂಡವರು ಜ್ವಾಲೆಯನ್ನು ಊದಿ ಆರಿಸದೆ ಮುಚ್ಚಳದಿಂದ ಮುಚ್ಚಿ, ಕನಿಷ್ಠ ಅರ್ಧ ಗಂಟೆ ಕಾದು, ತೊಟ್ಟಿ ಪೂರ್ತಿ ತಣ್ಣಗಾದ ಮೇಲೆಯೇ ತುಂಬಬೇಕು. ತುಂಬುವಾಗ ಮಕ್ಕಳು ಬಳಿಯಲ್ಲಿರಕೂಡದು. ಉಳಿದ ಇಂಧನದ ಸೀಸೆಯನ್ನು ಅಡಿಗೆಮನೆಯಲ್ಲಾಗಲಿ, ದೇವರ ದೀಪವಿರುವ ಕೋಣೆಯಲ್ಲಾಗಲಿ ಇಡಕೂಡದು.